ಸಾವನದುರ್ಗದ ಕಾಡು ಉಳಿಯಲಿ, ಸವಾರರಿಗೂ ಒಂದು ನೆಲ ಸಿಗಲಿ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಮಾಗಡಿ ತಾಲ್ಲೂಕಿನ ಸಾವನದುರ್ಗದ ಕಡೆಯವನಾಗಿ ಒಂದು ಬೇಡಿಕೆಯನ್ನು ತಮ್ಮ ಮುಂದಿಡುತ್ತಿದ್ದೇನೆ. ಮೋಟಾರು ರ‍್ಯಾಲಿ ಕಲಿಯಬಯಸುವ ಹುಡುಗ ಹುಡುಗಿಯರಿಗಾಗಿ ಮಾಗಡಿ–ರಾಮನಗರ ಸೀಮೆಯಲ್ಲಿ ಸರ್ಕಾರ ಒಂದು ಮಣ್ಣಿನ ಟ್ರ್ಯಾಕ್ ಮಾಡಿಸಿಕೊಡಬೇಕು.

ಇದು ಸಿರಿವಂತರ ಶೋಕಿ ಎಂದು ಕಡತವನ್ನು ಪಕ್ಕಕ್ಕೆ ಸರಿಸುವ ಮೊದಲು ಐಶ್ವರ್ಯಾ ಪಿಸ್ಸೆ ಅವರನ್ನು ನೆನಪಿಸಿಕೊಳ್ಳಿ. ಬೆಂಗಳೂರಿನ ಈ ಹೆಣ್ಣುಮಗಳು 2019ರಲ್ಲಿ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗದಲ್ಲಿ ಚಾಂಪಿಯನ್ ಆದರು. ಮೋಟಾರು ಕ್ರೀಡೆಯಲ್ಲಿ ವಿಶ್ವಮಟ್ಟದ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಅವರೇ. ದುಬೈನಲ್ಲಿ ಮೊದಲ ಸ್ಥಾನ, ಪೋರ್ಚುಗಲ್‌ನಲ್ಲಿ ಮೂರನೆಯದು, ಸ್ಪೇನ್‌ನಲ್ಲಿ ಐದನೆಯದು, ಹಂಗೆರಿಯಲ್ಲಿ ನಾಲ್ಕನೆಯದು. ಒಟ್ಟು 65 ಅಂಕ. ಪೋರ್ಚುಗಲ್‌ನ ರೀಟಾ ವಿಯೇರಾ ಅವರಿಗಿಂತ ನಾಲ್ಕೇ ಅಂಕ ಹೆಚ್ಚು.

ಆ ನಾಲ್ಕು ಅಂಕದ ಹಿಂದೆ ಎಷ್ಟು ನೋವಿತ್ತೆಂಬುದೂ ತಮಗೆ ತಿಳಿದಿರಲಿ. 2017ರಲ್ಲಿ ಅವರ ಕಾಲರ್‌ಬೋನ್ ಮುರಿದು, ಸ್ಟೀಲ್ ಪ್ಲೇಟ್ ಹಾಕಿ ಸ್ಕ್ರೂ ಬಿಗಿಯಬೇಕಾಯಿತು. ಮರುವರ್ಷ ಸ್ಪೇನ್‌ನ ಅರಾಗಾನ್ ಬಾಜಾದಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟಾಯಿತು. 2019ರಲ್ಲಿ ಅದೇ ಅರಾಗಾನ್‌ಗೆ ಮರಳಿ ಹೋಗಿ ಸ್ಪರ್ಧೆ ಮುಗಿಸಿದರು. ಬಾಜಾ ಎಂದರೆ ಮರಳು, ಜಲ್ಲಿ, ಕೊರಕಲುಗಳ ಮೇಲೆ ನೂರಾರು ಕಿಲೋಮೀಟರ್ ಓಟ. ಹ್ಯಾಂಡಲ್‌ಗೆ ಕಟ್ಟಿದ ರೋಡ್‌ಬುಕ್ ಓದುತ್ತಾ, ಫುಟ್‌ಪೆಗ್ ಮೇಲೆ ಎದ್ದು ನಿಂತು, ದಾರಿಯನ್ನು ತಾನೇ ಹುಡುಕಿಕೊಂಡು ಹೋಗಬೇಕು. ಈ ವಿದ್ಯೆ ಡಾಂಬರು ರಸ್ತೆಯಲ್ಲಿ ಬರುವುದಿಲ್ಲ.

ಐಶ್ವರ್ಯಾ ಗಾಡಿಯ ರುಚಿ ಹತ್ತಿಸಿಕೊಂಡಿದ್ದು ಬೆಂಗಳೂರಿನ ಸುತ್ತಮುತ್ತಲ ವಾರಾಂತ್ಯದ ಸವಾರಿಗಳಲ್ಲಿ. ರೇಸಿಂಗ್ ಪಾಠಕ್ಕೆ ಮಾತ್ರ ಕೊಯಮತ್ತೂರಿಗೆ ಹೋಗಬೇಕಾಯಿತು. ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಗೆ ಇಳಿದು, ಅದನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು. ಮುಂದೆ ಕೋಲಾರದ ಕಡೆ ಮಣ್ಣಿನ ಹಾದಿಯ ಸವಾರಿ ಕಲಿಸುವ ಜಾಗವನ್ನು ತಾವೇ ಕಟ್ಟಿದರು. ಉಡುಪಿಯ ಕೆ.ಪಿ. ಅರವಿಂದ್ 2019ರ ಡಕಾರ್‌ನಲ್ಲಿ 37ನೇ ಸ್ಥಾನ ಪಡೆದರು. ಗಡಿಯಾಚೆಯ ಮೊಗ್ರಾಲಿನ ಮೂಸಾ ಶರೀಫ್ ಕಾರಿನ ಎಡಸೀಟಿನಲ್ಲಿ ಕುಳಿತು, ತಿರುವು ತಿರುವಿಗೂ ದಾರಿ ಕೂಗಿ ಹೇಳುವ ನ್ಯಾವಿಗೇಟರ್ ಆಗಿ ದೇಶಕ್ಕೇ ಹೆಸರಾದರು. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯೇ ನಡೆದಿದೆ. ಇಷ್ಟೆಲ್ಲ ಇರುವ ರಾಜ್ಯದಲ್ಲಿ, ಕೈಯಲ್ಲಿ ಕಾಸಿಲ್ಲದ ಮಗು ಈ ಕ್ರೀಡೆಯ ಮೊದಲ ಪಾಠ ಎಲ್ಲಿ ಕಲಿಯಬೇಕು? ಇದಕ್ಕೆ ತಮ್ಮ ಇಲಾಖೆ ಉತ್ತರ ಕೊಡಬೇಕು.

ಉತ್ತರ ಸಿಗದ ಹುಡುಗರು ನಮ್ಮೂರಿನ ಕಡೆ ಬರುತ್ತಾರೆ. ಭಾನುವಾರ ಬೆಳಗಾದರೆ ಮಾಗಡಿ ರಸ್ತೆ, ಮಂಚನಬೆಲೆ, ಸಾವನದುರ್ಗದ ತಪ್ಪಲು ಎಲ್ಲೆಡೆ ಬೈಕುಗಳ ಸದ್ದು. ಹೆಚ್ಚಿನವರು ಬೆಟ್ಟ ನೋಡಿ, ತಿಂಡಿ ತಿಂದು ಮರಳುವ ಸಭ್ಯರು. ಕೆಲವರು ವೀಲಿಂಗ್ ಮಾಡುತ್ತಾರೆ, ಕಾಲುದಾರಿಗೆ ಗಾಡಿ ನುಗ್ಗಿಸುತ್ತಾರೆ. ಅದೇ ರಸ್ತೆಯಲ್ಲಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿಯ ದರ್ಶನಕ್ಕೆ ಬರುವ ಮುದುಕರಿದ್ದಾರೆ, ದನ ಹೊಡೆದುಕೊಂಡು ಹೋಗುವವರಿದ್ದಾರೆ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಆ ಏಕಶಿಲೆಯ ಸುತ್ತ ಇರುವುದು ಕಾಯ್ದಿಟ್ಟ ಅರಣ್ಯ. ಚಿರತೆ, ಕರಡಿಗಳ ನೆಲೆ, ಬನ್ನೇರುಘಟ್ಟದ ಕಡೆಯಿಂದ ಆನೆಗಳು ಬಂದು ಹೋಗುವ ಕಾಡು. ಅಲ್ಲಿ ಟೈರಿನ ಗುರುತು ಬೀಳಬಾರದು. ಪೊಲೀಸರು ಗಾಡಿ ಜಪ್ತಿ ಮಾಡಿ ದಂಡ ಹಾಕುವುದು ಸರಿಯೇ. ದಂಡ ಕಟ್ಟಿದ ಹುಡುಗ ಮುಂದಿನ ವಾರ ಬೇರೆ ರಸ್ತೆ ಹಿಡಿಯುತ್ತಾನೆ, ಅಷ್ಟೇ.

ಇದು ಅಪಾಯದ ಆಟವೆಂದು ತಾವು ಹೇಳಬಹುದು. ಹೌದು, ಅಪಾಯದ್ದೇ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾಡ್ಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿ ನಡೆಯುತ್ತಿದ್ದ ದಾರಿಗೆ ಬೈಕೊಂದು ಬಂದು, ಸ್ಪರ್ಧೆಯ ಕಾರು ಬಡಿದು ಒಂದೇ ಕುಟುಂಬದ ಮೂವರು ಪ್ರಾಣ ಕಳೆದುಕೊಂಡರು. ಜನ ಓಡಾಡುವ ದಾರಿಗೂ ವೇಗದ ದಾರಿಗೂ ನಡುವೆ ಗಟ್ಟಿ ಬೇಲಿ ಇರಬೇಕೆಂಬ ಪಾಠವನ್ನು ಆ ಮೂರು ಜೀವ ಕೊಟ್ಟು ಕಲಿತಿದ್ದೇವೆ. ನಾನು ಕೇಳುತ್ತಿರುವುದೂ ಆ ಬೇಲಿಯನ್ನೇ.

ಜಾಗಕ್ಕಾಗಿ ಕಾಡು ಕಡಿಯಬೇಕಿಲ್ಲ, ಗೋಮಾಳ ಕಿತ್ತುಕೊಳ್ಳಬೇಕಿಲ್ಲ. ನಮ್ಮ ಸೀಮೆಯಲ್ಲಿ ಗ್ರಾನೈಟ್ ತೆಗೆದು ಕೈಬಿಟ್ಟ ಕ್ವಾರಿಗಳಿವೆ. ನೀರು ನಿಂತ ಆಳದ ಗುಂಡಿಗಳನ್ನು ಬಿಟ್ಟು, ಸಮತಟ್ಟಾದ ಅಂಗಳವಿರುವ ಒಂದನ್ನು ಗಣಿ ಮತ್ತು ಭೂವಿಜ್ಞಾನ, ಕಂದಾಯ, ಅರಣ್ಯ ಇಲಾಖೆಗಳನ್ನು ಕೂರಿಸಿಕೊಂಡು ಗುರುತಿಸಿ. ಅದು ಊರಿನಿಂದ, ಕಾಡಿನ ಅಂಚಿನಿಂದ, ರಾಮದೇವರ ಬೆಟ್ಟದ ರಣಹದ್ದುಗಳ ನೆಲೆಯಿಂದ ದೂರವಿರಲಿ. ಸೈಲೆನ್ಸರ್ ಬದಲಿಸಿದ ಗಾಡಿಗೆ ಪ್ರವೇಶ ಬೇಡ. ಹೆಲ್ಮೆಟ್, ಎದೆಕವಚ, ಬೂಟುಗಳನ್ನು ಅಲ್ಲೇ ಬಾಡಿಗೆಗೆ ಕೊಡಿ. ಆಂಬುಲೆನ್ಸ್ ಬಂದು ನಿಂತ ಮೇಲೆಯೇ ಗೇಟು ತೆರೆಯಲಿ. ನಗರದ ಸವಾರರಿಂದ ಶುಲ್ಕ ಪಡೆದು, ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣದ ಸರ್ಕಾರಿ ಶಾಲೆ ಕಾಲೇಜುಗಳ ಮಕ್ಕಳಿಗೆ ಉಚಿತವಾಗಿ ಕಲಿಸಿ. ಹೆಣ್ಣುಮಕ್ಕಳಿಗೆ ಅರ್ಧ ಸೀಟು ಮೀಸಲಿಡಿ. ಓಡಿಸುವವರ ಜೊತೆಗೆ ಮೆಕ್ಯಾನಿಕ್‌ಗಳೂ ಅಲ್ಲೇ ತಯಾರಾಗಲಿ. ನಮ್ಮ ಐಟಿಐ ಹುಡುಗರಿಗೆ ಅದು ಅನ್ನದ ದಾರಿ.

ರ‍್ಯಾಲಿ ಚಾಲಕ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಕೊಟ್ಟು ಕೇಂದ್ರ ಸರ್ಕಾರ ಮೋಟಾರು ಕ್ರೀಡೆಯನ್ನು ಮೊದಲ ಬಾರಿಗೆ ಆ ಸಾಲಿಗೆ ಸೇರಿಸಿತು. ವಿಶ್ವ ಪ್ರಶಸ್ತಿ ತಂದ ರಾಜ್ಯ ಅದಕ್ಕಿಂತ ಒಂದು ಹೆಜ್ಜೆ ಮುಂದಿಡಬೇಕು. ಗೆದ್ದು ಬಂದವರಿಗೆ ಶಾಲು ಹೊದಿಸುವುದು ಸುಲಭ. ಗೆಲ್ಲುವ ಮೊದಲು ಬಿದ್ದು ಏಳಲು ನೆಲ ಕೊಡುವುದು ಸರ್ಕಾರದ ಕೆಲಸ. ಮುಂದಿನ ಬಜೆಟ್‌ಗೆ ಮುನ್ನ ಅಧಿಕಾರಿಗಳೊಂದಿಗೆ ಒಮ್ಮೆ ಸಾವನದುರ್ಗಕ್ಕೆ ಬನ್ನಿ. ಭಾನುವಾರವೇ ಬನ್ನಿ. ರಸ್ತೆಯ ಸ್ಥಿತಿಯನ್ನು ಕಣ್ಣಾರೆ ನೋಡಿ, ಕ್ವಾರಿಗಳ ಪಟ್ಟಿ ತರಿಸಿ, ಸ್ಥಳ ಪರಿಶೀಲನೆಗೆ ಆದೇಶಿಸಿ.

ಇಂತಿ ತಮ್ಮ ವಿಶ್ವಾಸಿ,
ಸಾವನದುರ್ಗ ಸೀಮೆಯ ಒಬ್ಬ ನಾಗರಿಕ