ಅಳತೆಗೆ ಸಿಗದ ಅಯಸ್ಕಾಂತ

ಬೆನ್ನುನೋವಿರಲಿ, ಪಾರ್ಶ್ವವಾಯುವಿರಲಿ, ಮಳಖೇಡ, ಸೇಡಂ, ವಾಡಿ ಭಾಗದ ರೋಗಿಗಳು ಎಂ.ಆರ್.ಐ. ಪರೀಕ್ಷೆಗಾಗಿ ಕಲಬುರಗಿಗೆ ತೆರಳುವುದು ಈಗ ವಾಡಿಕೆ. ರೋಗಿ ಆ ಕೋಣೆಯಲ್ಲಿರುವುದು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ವರ್ಷಗಟ್ಟಲೆ ಅಲ್ಲಿಯೇ ದುಡಿಯುವ ತಂತ್ರಜ್ಞರು, ದಾದಿಯರು, ನೆಲ ಒರೆಸುವ ತಾಯಂದಿರ ಕುರಿತು ನಾವು ಇಲ್ಲಿ ಕೆಲವು ಮಾತು ಹೇಳಬಯಸುತ್ತೇವೆ.

ಎಕ್ಸ್‌ರೇ ಮತ್ತು ಸಿ.ಟಿ. ವಿಭಾಗದ ಸಿಬ್ಬಂದಿ ಎದೆಯ ಮೇಲೆ ಪುಟ್ಟ ಬಿಲ್ಲೆಯೊಂದನ್ನು ಧರಿಸುತ್ತಾರೆ. ಮೈಗೆ ತಾಗಿದ ವಿಕಿರಣದ ಲೆಕ್ಕ ಅದರಲ್ಲಿ ದಾಖಲಾಗುತ್ತದೆ. 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಇದರ ಮೇಲ್ವಿಚಾರಣೆ ನಡೆಸುತ್ತದೆ. ಎಂ.ಆರ್.ಐ.ಯಲ್ಲಿ ಅಂತಹ ವಿಕಿರಣವಿಲ್ಲ. ಆದುದರಿಂದ ಅದು ಮಂಡಳಿಯ ವ್ಯಾಪ್ತಿಗೆ ಸೇರಿಲ್ಲ. ವಿಕಿರಣವಿಲ್ಲವೆಂದರೆ ಗಮನಿಸಬೇಕಾದುದೇ ಇಲ್ಲವೆಂಬ ಭಾವನೆ ಬೆಳೆದಿರುವುದು ನಮಗೆ ಸರಿಕಾಣದು.

1.5 ಟೆಸ್ಲಾ ಯಂತ್ರದ ಕಾಂತಬಲವು ಭೂಮಿಯ ಕಾಂತಬಲದ 30,000 ಪಟ್ಟಿಗೂ ಮಿಗಿಲು. ಚಿತ್ರ ತೆಗೆಯದಿರುವಾಗಲೂ, ನಡುರಾತ್ರಿಯಲ್ಲೂ ಅದು ಕುಗ್ಗುವುದಿಲ್ಲ. 2018ರ ಜನವರಿಯಲ್ಲಿ ಮುಂಬಯಿಯ ನಾಯರ್ ಆಸ್ಪತ್ರೆಯಲ್ಲಿ ಆಮ್ಲಜನಕದ ಸಿಲಿಂಡರನ್ನು ಒಳಗೊಯ್ದ ರೋಗಿಯ ಬಂಧುವೊಬ್ಬರು ಯಂತ್ರದ ಸೆಳೆತಕ್ಕೆ ಸಿಕ್ಕಿ ಅಸುನೀಗಿದರು. ಇದು ಎಲ್ಲರ ಕಣ್ಣಿಗೆ ಬಿದ್ದ ಅಪಾಯ. ಸಿಬ್ಬಂದಿಯ ಅನುಭವ ಇಷ್ಟು ಸದ್ದು ಮಾಡುವುದಿಲ್ಲ. ಯಂತ್ರದ ಬಾಯಿಯ ಬಳಿ ಬಾಗಿ ತಲೆಯನ್ನು ಬೇಗ ತಿರುಗಿಸಿದರೆ ತಲೆಸುತ್ತು, ಓಕರಿಕೆ, ನಾಲಿಗೆಯಲ್ಲಿ ಲೋಹದ ರುಚಿ ಕಾಣಿಸಬಹುದು. ದೂರ ಸರಿದರೆ ಇಳಿಯುತ್ತದೆ. ದೀರ್ಘಕಾಲದ ಹಾನಿ ಸಿದ್ಧಪಟ್ಟಿಲ್ಲ. ಯಾರೂ ಬೆದರಿ ಕೆಲಸ ಬಿಡಬೇಕಾಗಿಲ್ಲ.

ಆದರೆ ಅಳೆಯದೆ ಧೈರ್ಯ ಹೇಳುವುದು ಹೇಗೆ? ಅಯಾನೀಕರಿಸದ ವಿಕಿರಣಗಳ ಅಂತರರಾಷ್ಟ್ರೀಯ ಆಯೋಗವು 2009ರಲ್ಲಿ ಕೆಲಸಗಾರರ ತಲೆ ಹಾಗೂ ಮುಂಡಕ್ಕೆ 2 ಟೆಸ್ಲಾ ಮಿತಿಯನ್ನು ಸೂಚಿಸಿದೆ. ಚಲನೆಯನ್ನು ಹತೋಟಿಯಲ್ಲಿಟ್ಟ ವಿಶೇಷ ಕೆಲಸಗಳಿಗೆ ಮಾತ್ರ ಹೆಚ್ಚಿನ ಮಿತಿಯುಂಟು. 3 ಟೆಸ್ಲಾ ಯಂತ್ರದ ಮುಂದೆ ಬಾಗುವವರು ಈ ಮಿತಿಯನ್ನು ಮುಟ್ಟುವರೇ, ದಿನಕ್ಕೆ ಎಷ್ಟು ಸಲ ಬಾಗುವರು ಎಂಬುದನ್ನು ಧರಿಸಬಲ್ಲ ಮಾಪಕವೊಂದು ತಿಳಿಸಬಲ್ಲದು. ಒಂದೆರಡು ಹೆಜ್ಜೆ ಹಿಂದಕ್ಕೆ ನಿಂತರೆ ಬಲ ಎಷ್ಟೋ ಇಳಿಯುತ್ತದೆ. ಆ ಹೆಜ್ಜೆ ಎಲ್ಲಿಂದ ಎಂಬುದು ಯಂತ್ರದೊಡನೆ ಬರುವ ಕಾಂತನಕ್ಷೆಯಲ್ಲಿದೆ. ಅದನ್ನು ಕಡತದಲ್ಲಿ ಮುಚ್ಚಿಡದೆ, 0.5 ಮಿಲಿಟೆಸ್ಲಾ ಗೆರೆಯ ಸಹಿತ ಬಾಗಿಲಿನ ಮೇಲೆ ಕನ್ನಡದಲ್ಲಿ ಅಂಟಿಸಬೇಕು.

ಸಿಮೆಂಟಿನ ಸುಣ್ಣಕಲ್ಲು ಒಡೆಯುವ ಈ ನಾಡಿಗೆ ಗಣಿಯ ಧೂಳನ್ನು ಅಳೆಯುವುದು ಹೊಸತಲ್ಲ. ಆಸ್ಪತ್ರೆಗಳೂ ಅಳೆಯಲಿ. ತರಬೇತಿಯನ್ನು ಮಾತ್ರ ರಾತ್ರಿ ಪಾಳಿಯ ಗುತ್ತಿಗೆ ಸ್ವಚ್ಛತಾ ಕಾರ್ಮಿಕರಿಂದಲೇ ಆರಂಭಿಸಬೇಕೆಂಬುದು ನಮ್ಮ ಆಗ್ರಹ. ಯಂತ್ರ ನಿಂತಿದೆಯೆಂದು ನಂಬಿ ಕಬ್ಬಿಣದ ಬಕೆಟ್ಟು ಹಿಡಿದು ಒಳನಡೆಯುವ ಸಂಭವವಿರುವುದು ಅವರಿಗೇ.