ಬಾಯಿಪಾಠದ ಕನ್ನಡವೂ ಬಾಯಿಗೆ ಬರುವ ಕನ್ನಡವೂ



ಗಡಿನಾಡಿನ ಕನ್ನಡ ಶಾಲೆಗಳ ಮಾತು ಬಂದಾಗಲೆಲ್ಲ ನಾವು ಅಧ್ಯಾಪಕರ ನೇಮಕಾತಿ, ಪಠ್ಯಪುಸ್ತಕ, ಸಂವಿಧಾನದ 350ಎ ವಿಧಿ ಇವುಗಳನ್ನೇ ಚರ್ಚಿಸುತ್ತೇವೆ. ಚರ್ಚಿಸಲೇಬೇಕು. ಆದರೆ ಅರ್ಜಿಯಿಂದಲೂ ಧರಣಿಯಿಂದಲೂ ದಕ್ಕದ ಒಂದು ಸಂಗತಿಯನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ. ಯಾರೂ ಬರೆದುಕೊಡದ ಒಂದು ಮಾತನ್ನು ನಿಮ್ಮ ಮಗು ಆ ಕ್ಷಣದಲ್ಲೇ ಕನ್ನಡದಲ್ಲಿ ಹುಟ್ಟಿಸಬಲ್ಲುದೇ?

ಶಾಲೆಯ ವೇದಿಕೆಯಲ್ಲಿ ನಮ್ಮ ಮಕ್ಕಳು ಅಪ್ಪನೋ ಮಾಷ್ಟ್ರೋ ಬರೆದ ಭಾಷಣವನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಾರೆ. ಕೆಳಗಿಳಿದ ಮೇಲೆ "ಊಟ ಆಯಿತೇ?" ಎಂದರೆ ಉತ್ತರ ಮಲಯಾಳದಲ್ಲಿ ಬರುತ್ತದೆ, ಇಲ್ಲವೇ ಬರಿಯ ತಲೆಯಾಡಿಸುವಿಕೆಯಲ್ಲಿ ಮುಗಿಯುತ್ತದೆ. ಮಲಯಾಳ ಬರುವುದು ದೋಷವಲ್ಲ. ಅದು ನೆರೆಹೊರೆಯ ಭಾಷೆ, ನಾಳೆಯ ಅನ್ನದ ಭಾಷೆ. ಕಾಸರಗೋಡಿನ ಮನೆಗಳಲ್ಲಿ ತುಳು, ಕೊಂಕಣಿ, ಮರಾಟಿ, ಹವ್ಯಕ ನುಡಿಗಳೂ ಇವೆ. ಇವೆಲ್ಲದರ ನಡುವೆ ಕನ್ನಡವು ಪುಸ್ತಕ ತೆರೆದಾಗ ಮಾತ್ರ ಎಚ್ಚರಗೊಳ್ಳುವ ಭಾಷೆಯಾಗುತ್ತಿದೆ ಎಂಬುದೇ ನನ್ನ ಆತಂಕ.

ಅಮೆರಿಕದ ಶಿಕಾಗೋ ನಗರದಲ್ಲಿ ವಯೋಲಾ ಸ್ಪೋಲಿನ್ ಎಂಬ ರಂಗಶಿಕ್ಷಕಿ ಇದ್ದರು. ವಲಸೆ ಬಂದ ಬಡ ಕುಟುಂಬಗಳ ನಡುವೆ ಕೆಲಸ ಮಾಡುತ್ತಿದ್ದ ಹಲ್ ಹೌಸ್ ಸಂಸ್ಥೆಯಲ್ಲಿ, ನೀವಾ ಬಾಯ್ಡ್ ಅವರಿಂದ ಆಟಗಳ ಮೂಲಕ ಕಲಿಸುವ ವಿದ್ಯೆಯನ್ನು 1920ರ ದಶಕದಲ್ಲಿ ಪಡೆದವರು. ನಾನಾ ಭಾಷೆಯ ಮಕ್ಕಳಿಗೆ ಉಪನ್ಯಾಸದಿಂದ ನಾಟಕ ಕಲಿಸಲಾಗದೆಂದು ಕಂಡುಕೊಂಡು ಅವರು ರಂಗಾಟಗಳನ್ನು ರೂಪಿಸಿದರು. 1963ರಲ್ಲಿ ಅವು ಪುಸ್ತಕವಾಗಿ ಬಂದವು. ಅಲ್ಪಸಂಖ್ಯಾತ ಭಾಷೆಯ ಹೆತ್ತವರಾದ ನಾವು ಗಮನಿಸಬೇಕಾದುದು ಇದನ್ನು: ಈ ವಿದ್ಯೆ ಬೆಳೆದುದು ನಟರ ವೈಭವಕ್ಕಲ್ಲ, ಮಾತು ಕಟ್ಟಿಹೋದ ಮಕ್ಕಳಿಗಾಗಿ.

ರಂಗತರಬೇತಿಯಲ್ಲಿ ಇಂದು ಎಲ್ಲೆಡೆ ಆಡಿಸುವ ಒಂದು ಆಟವನ್ನು ಹೇಳುತ್ತೇನೆ. ಎಲ್ಲರೂ ಸುತ್ತ ನಿಲ್ಲಬೇಕು. ಒಂದು ಕೋಲು ಕೈಯಿಂದ ಕೈಗೆ ದಾಟುತ್ತದೆ. ಕೈಗೆ ಬಂದೊಡನೆ, ಮೂರೆಣಿಸುವುದರೊಳಗೆ, ಅದನ್ನು ಕೋಲಲ್ಲದ ಇನ್ನೇನಾದರೂ ಆಗಿಸಿ ಒಂದು ಮಾತಾಡಬೇಕು. ಒಬ್ಬಳಿಗೆ ಕೊಳಲು, ಇನ್ನೊಬ್ಬನಿಗೆ ದೋಣಿಯ ಹುಟ್ಟು, ಅಜ್ಜಿಗೆ ಕಡೆಗೋಲು. ಹೇಳಿದುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮಗು "ಇದು ಹಾವು" ಎಂದರೆ "ಹೌದು, ಈಗಷ್ಟೇ ಪೊರೆ ಕಳಚಿದೆ" ಎನ್ನಬೇಕೇ ಹೊರತು "ಹಾವು ಹೀಗಿರುತ್ತದೆಯೇ" ಎನ್ನಬಾರದು. ಸೋತವರನ್ನು ಹೊರಗೆ ಕಳುಹಿಸುವ ಪದ್ಧತಿ ಬೇಡ. ಹೊರಗೆ ಹೋಗುವುದು ಯಾವಾಗಲೂ ಮಾತಿನ ಅಗತ್ಯ ಹೆಚ್ಚಿರುವ ಮಗುವೇ. ಅಡಿಕೆ ಕೊಯ್ಯುವ ದೋಟಿಯನ್ನು ಮಗು ಮಲಯಾಳದಲ್ಲಿ 'ತೋಟ್ಟಿ' ಎಂದಿತೆನ್ನಿ. ತಿದ್ದಬೇಡಿ. ನಿಮ್ಮ ಸರದಿ ಬಂದಾಗ "ಈ ದೋಟಿಯ ಕತ್ತಿ ಮೊಂಡಾಗಿದೆಯಲ್ಲ" ಎಂದರೆ ಸಾಕು. ಪದ ಕಿವಿಗೆ ಬಿತ್ತು. ನಾಳೆ ಬಾಯಿಗೆ ಬರುತ್ತದೆ.

ಇದು ಪರದೇಶದ ಆಟವೆಂದು ಮೂಗು ಮುರಿಯುವವರಿಗೆ ತಾಳಮದ್ದಲೆಯನ್ನು ನೆನಪಿಸುತ್ತೇನೆ. ಭಾಗವತರು ಹಾಡುವ ಪದ್ಯವಷ್ಟೇ ಬರೆದುದು. ಅರ್ಥಧಾರಿಯ ಮಾತು ಅಲ್ಲೇ, ಎದುರಾಳಿಯ ಮಾತಿಗೆ ತಕ್ಕಂತೆ ಹುಟ್ಟುವಂಥದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಯನ್ನು ಕೊಟ್ಟ ನೆಲ ನಮ್ಮದು. ಅವರ ಆಶುಮಾತಿನ ಹಿಂದೆ ಪುರಾಣಗಳ ಆಳವಾದ ಓದಿತ್ತು ಎಂಬುದೂ ನಿಜ. ಬರಿದಾದ ಕಣಜದಿಂದ ಭತ್ತ ಅಳೆಯಲಾಗದು. ಆಟವಿದ್ದರೆ ಓದು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ರಾತ್ರಿಯಿಡೀ ಕೂತು ವಾಲಿಯ ವಾದಕ್ಕೆ ತಲೆದೂಗುವ ನಾವು, ಮನೆಯಲ್ಲಿ ಮಗು ಒಂದು ಮರುಮಾತು ಆಡಿದರೆ 'ಅಧಿಕಪ್ರಸಂಗ' ಎಂದು ಬಾಯಿ ಮುಚ್ಚಿಸುತ್ತೇವೆ. ಈ ಬೈಗುಳವೇ ಯಕ್ಷಗಾನದವರನ್ನು ಅಣಕಿಸುವಂತಿದೆ!

ಪರೀಕ್ಷೆಯ ಅಂಕಕ್ಕೆ ಇದರಿಂದೇನು ಎಂದು ಕೇಳುವಿರಿ. ನೇರವಾಗಿ ಏನೂ ಇಲ್ಲ. ಪ್ರಬಂಧದ ಪ್ರಶ್ನೆಗೆ ಮಾರ್ಗದರ್ಶಿಯನ್ನು ಹುಡುಕದೆ ನಾಲ್ಕು ಸ್ವಂತ ವಾಕ್ಯ ಬರೆಯುವ ಧೈರ್ಯ ಬಂದೀತು, ಅಷ್ಟೆ.

ಕೊಡೆಯೋ ಸೌಟೋ ಸಾಕು, ಊಟವಾದ ಮೇಲೆ ಹತ್ತು ನಿಮಿಷ. ತಾವೂ ಸುತ್ತಿನಲ್ಲಿ ನಿಲ್ಲಬೇಕು; ಮೊಬೈಲು ಹಿಡಿದು ಕುರ್ಚಿಯಿಂದ "ಆಡು, ಆಡು" ಎಂದರೆ ನಡೆಯದು. ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ, ವಾರಕ್ಕೊಂದು ಪಿರಿಯಡ್ ಇಂಥ ಆಟಕ್ಕೆ ಮೀಸಲಿಡುವಂತೆ ಕೇಳಿರಿ. ಕೇಳುವಾಗ ಚೀಟಿ ನೋಡದೆ ಕೇಳಿರಿ.