ಉಳ್ಳಾಲದ ರಾಣಿಯೂ ಗದ್ದೆಯ ಕಾಲುವೆಯೂ

ನಾರಾವಿಯ ಕಡೆಯಿಂದ ಮೂಡುಬಿದಿರೆ ಪೇಟೆಗೆ ಹೋಗಿಬರುವ ನಮ್ಮ ಓದುಗರಲ್ಲಿ ಎಷ್ಟು ಮಂದಿ ಸಾವಿರ ಕಂಬದ ಬಸದಿಯ ತಳಗಲ್ಲನ್ನು ಬಗ್ಗಿ ನೋಡಿದ್ದಾರೆ? ಅಲ್ಲೊಂದು ಜಿರಾಫೆಯಿದೆ, ಚೀನದ ಡ್ರ್ಯಾಗನ್ ಇದೆ. 15ನೆಯ ಶತಮಾನದ ನಮ್ಮ ಶಿಲ್ಪಿಗೆ ಆಫ್ರಿಕದ ಮೃಗದ ಸುದ್ದಿ ಮುಟ್ಟಿದ್ದು ಕಡಲಿನ ವ್ಯಾಪಾರದಿಂದ.

ಆ ಕಡಲಿಗೆ ನಮ್ಮ ನಾಡಿನ ಒಂದು ಬಾಗಿಲು ಉಳ್ಳಾಲ. ನೇತ್ರಾವತಿಯ ಅಳಿವೆಯ ತೆಂಕು ದಡದಲ್ಲಿ ಚೌಟರು ಆಳಿದ ಪುಟ್ಟ ರಾಜ್ಯವದು. ಅಳಿಯಸಂತಾನ ಕಟ್ಟಿನಿಂದಾಗಿ ಅಲ್ಲಿ ಹೆಣ್ಣು ಪಟ್ಟವೇರಿದಳು. ಬಯಲಿನ ಅಕ್ಕಿ, ಘಟ್ಟದ ಬುಡದ ಕರಿಮೆಣಸು, ಇವೇ ಅದರ ಐಶ್ವರ್ಯ.

ಪರಂಗಿಯವರು ಬಂದು ಮಾಡಿದ್ದೇನು? ನಮ್ಮದೇ ಕಡಲಲ್ಲಿ ಹಡಗು ಬಿಡಲು ತಮ್ಮ ಪರವಾನಗಿ ಚೀಟಿ ಬೇಕೆಂದರು. ಚೀಟಿಯಿಲ್ಲದ ಹಡಗನ್ನು ಸರಕುಸಹಿತ ಹಿಡಿದರು. ಪರವಾನಗಿಗಾಗಿ ಕಚೇರಿಯ ಮೆಟ್ಟಿಲು ಸವೆಸಿದ ಅಂಗಡಿಕಾರನಿಗೆ ಇದರ ಬಿಸಿ ಬಿಡಿಸಿ ಹೇಳಬೇಕಾಗಿಲ್ಲ. 1568ರಲ್ಲಿ ಅವರು ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ಹೊಳೆಯ ಈಚೆ ದಡದ ಉಳ್ಳಾಲ ತಲೆಬಾಗಲೊಪ್ಪಲಿಲ್ಲ. ಜೈನ ರಾಣಿ, ಮೊಗವೀರರ ದೋಣಿ, ಮಾಪಿಳ್ಳೆ ನಾವಿಕರು, ಕಲ್ಲಿಕೋಟೆಯ ಸಾಮೂದಿರಿಯ ಸ್ನೇಹ: ಹೀಗೆ ಒಂದೇ ಜಾತಿಯದಲ್ಲದ ಆ ಬಲವೇ ಅಬ್ಬಕ್ಕನ ಕಥೆಯ ಜೀವಾಳ. ಅಬ್ಬಕ್ಕ ಒಬ್ಬಳೋ, ಒಬ್ಬಳಾದ ಮೇಲೊಬ್ಬಳೋ ಎಂಬ ವಾದವನ್ನು ಪಂಡಿತರಿಗೇ ಬಿಡೋಣ.

1623ರಲ್ಲಿ ಪಿಯೆತ್ರೊ ದೆಲ್ಲ ವಲ್ಲೆ ಎಂಬ ಇಟಲಿಯ ಪ್ರವಾಸಿ ಉಳ್ಳಾಲದ ರಾಣಿಯನ್ನು ಕಾಣಬಂದನು. ಸಿಕ್ಕಿದ್ದು ಅರಮನೆಯಲ್ಲಲ್ಲ, ದಾರಿಯಲ್ಲಿ! ರಾಣಿ ಬರಿಗಾಲಿನಲ್ಲಿ, ಓಲೆಯ ಕೊಡೆಯ ನೆರಳಿನಲ್ಲಿ, ಗದ್ದೆಗೆ ನೀರುಣಿಸುವ ಕಾಲುವೆಯ ಕೆಲಸ ನೋಡಲು ನಡೆದು ಹೊರಟಿದ್ದಳು. ಉಡುಗೆ ಕಂಡು ಅಡಿಗೆಯವಳೆಂದುಕೊಳ್ಳಬೇಕು, ಮಾತು ಕೇಳಿದರೆ ಬುದ್ಧಿವಂತೆ ಎಂಬರ್ಥದಲ್ಲಿ ಆತ ಬರೆದನು. ಮಹಾಶಯನಿಗೆ ರೇಷ್ಮೆಯಿಲ್ಲದ ರಾಣಿ ವಿಚಿತ್ರವೆನಿಸಿರಬೇಕು! ನಮಗಾದರೋ, ತುಳುನಾಡಿನ ಗುಣ ಇಷ್ಟು ಚೊಕ್ಕವಾಗಿ ಬೇರೆಲ್ಲಿಯೂ ಕಾಣಸಿಗದು. ಕಡಲಿಗೆ ಹೋಗುವ ಅಕ್ಕಿ ಹುಟ್ಟುವುದು ಕೆಸರಿನಲ್ಲಿ ಎಂಬುದು ಆಕೆಗೆ ಗೊತ್ತಿತ್ತು.

ಹಾಗೆಂದು ಅದು ಪ್ರಜಾರಾಜ್ಯವಾಗಿತ್ತೆಂದು ನಾವು ಹೇಳುವುದಿಲ್ಲ. ಈ ಜಿಲ್ಲೆಯಲ್ಲಿ ಗೇಯುವವನಿಗೆ ಗದ್ದೆ ದಕ್ಕಲು 1974ರ ಭೂಸುಧಾರಣೆಯವರೆಗೆ ಕಾಯಬೇಕಾಯಿತು.

ಅಬ್ಬಕ್ಕನಿಗೆ ಈಗ ಗೌರವದ ಕೊರತೆಯೇನೂ ಇಲ್ಲ. ಉಳ್ಳಾಲದಲ್ಲಿ ಪ್ರತಿಮೆಯಿದೆ, ಉತ್ಸವವಿದೆ. 2012ರಲ್ಲಿ ಕರಾವಳಿ ರಕ್ಷಣಾ ಪಡೆಯ ಹಡಗಿಗೂ ಆಕೆಯ ಹೆಸರಿಟ್ಟರು. ಆದರೆ ಎಲ್ಲೆಲ್ಲೂ ಕತ್ತಿ ಹಿಡಿದ ರಾಣಿಯೇ! ಉತ್ಸವದ ಮೆರವಣಿಗೆಯಲ್ಲಿ ಮುಂದಿನ ಸಲ ಆ ಕಾಲುವೆಯೂ, ಅದನ್ನು ಅಗೆದವರೂ ಬರಲಿ. ಮೂಡುಬಿದಿರೆಗೆ ಮಕ್ಕಳನ್ನು ಪ್ರವಾಸ ಕರೆತರುವ ಅಧ್ಯಾಪಕರು ಬಸದಿಯ ಕಂಬ ಎಣಿಸಿದ ಬಳಿಕ ಆ ಜಿರಾಫೆಯನ್ನು ತೋರಿಸಿ, ಇದು ಇಲ್ಲಿಗೆ ಹೇಗೆ ಬಂತೆಂದು ಕೇಳಲಿ.